ಮೊದಲ ಸಾಲನ್ನು ಶಾಲೆಯಲ್ಲೇ ಬರೆಯಿರಿ: ಹೋಂವರ್ಕ್ ನಾಳೆಗೆ ತಳ್ಳುವ ಮಕ್ಕಳಿಗೆ

ಹೋಂವರ್ಕ್ ಮಾಡದೆ ಬರುವ ಮಕ್ಕಳನ್ನು ಸೋಮಾರಿಗಳು ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ತಿಪಟೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನನ್ನ ತರಗತಿಯಲ್ಲಿ ಖಾಲಿ ಹಾಳೆ ಹಿಡಿದು ತಲೆ ತಗ್ಗಿಸಿ ನಿಲ್ಲುವ ಹುಡುಗ ಬೆಳಗ್ಗೆ ಕತ್ತಲಿರುವಾಗಲೇ ಎದ್ದು ಕೊಟ್ಟಿಗೆ ಬಳಿದು, ಡೇರಿಗೆ ಹಾಲು ಹಾಕಿ, ಬಸ್ಸು ಹಿಡಿದು ಬಂದವನಾಗಿರುತ್ತಾನೆ. ರಾಗಿ ಕೊಯ್ಲಿನ ದಿನಗಳಲ್ಲಿ ನಮ್ಮ ಹುಡುಗಿಯರ ಅಂಗೈಗಳನ್ನು ನೋಡಬೇಕು. ಇವರನ್ನು ಮೈಗಳ್ಳರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಇಷ್ಟು ದುಡಿಯುವ ಮಕ್ಕಳು ಐದು ಲೆಕ್ಕಗಳನ್ನು ಮಾತ್ರ ನಾಳೆಗೆ ತಳ್ಳುವುದು ಏಕೆ?

ತೆಂಗಿನಕಾಯಿ ಸುಲಿಯಲು ಹೇಳಿದರೆ ನಮ್ಮೂರಿನ ಯಾವ ಮಗುವೂ ಎಲ್ಲಿಂದ ಶುರು ಮಾಡಲಿ ಎಂದು ಕುಳಿತು ಯೋಚಿಸುವುದಿಲ್ಲ. ಮೊದಲ ಏಟು ಎಲ್ಲಿಗೆ ಬೀಳಬೇಕು ಎಂಬುದು ಕೈಗೆ ಗೊತ್ತಿರುತ್ತದೆ, ಗುಡ್ಡೆ ಕರಗುವುದು ಕಣ್ಣಿಗೆ ಕಾಣುತ್ತಿರುತ್ತದೆ. ಗಣಿತದ ಅಭ್ಯಾಸಕ್ಕೆ ಈ ಎರಡೂ ಅನುಕೂಲಗಳಿಲ್ಲ. ಮೊದಲ ಸಾಲು ಏನು ಎಂದು ತಿಳಿಯದೆ ಪುಸ್ತಕ ತೆರೆದರೆ ಎದೆಯೊಳಗೆ ಒಂದು ಸಣ್ಣ ಅಳುಕು ಹುಟ್ಟುತ್ತದೆ. ಪುಸ್ತಕ ಮುಚ್ಚಿದ ಕೂಡಲೇ ಅದು ಹೋಗುತ್ತದೆ. ಆ ಕ್ಷಣದ ನೆಮ್ಮದಿಗಾಗಿಯೇ ಮಕ್ಕಳು ಪುಸ್ತಕ ಮುಚ್ಚುತ್ತಾರೆ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದ ಟಿಮೊತಿ ಪಿಚಿಲ್ ಎಂಬ ಮನಶ್ಶಾಸ್ತ್ರಜ್ಞರು ಬಹಳ ಕಾಲ ಇದನ್ನೇ ಅಧ್ಯಯನ ಮಾಡಿದವರು. ಕೆಲಸವನ್ನು ಮುಂದೂಡುವುದಕ್ಕೆ ಕಾರಣ ಹೊತ್ತಿನ ಕೊರತೆಗಿಂತ ಹೆಚ್ಚಾಗಿ ಆ ಕೆಲಸದ ಜೊತೆಗೆ ಅಂಟಿಕೊಂಡಿರುವ ಕಸಿವಿಸಿ ಎನ್ನುವುದು ಅವರ ವಾದದ ತಿರುಳು. ನನ್ನ ತರಗತಿಯಲ್ಲಿ ನಾನು ಕಂಡದ್ದೂ ಇದೇ.

ಆದ್ದರಿಂದ "ಮನಸ್ಸು ಗಟ್ಟಿ ಮಾಡಿಕೊಳ್ಳಿ", "ಗುರಿ ಇಟ್ಟುಕೊಳ್ಳಿ" ಎಂಬ ಮಾತುಗಳನ್ನು ಇಲ್ಲಿ ಹೇಳುವುದಿಲ್ಲ. ಆ ಅಳುಕನ್ನು ಚಿಕ್ಕದು ಮಾಡುವ ಕೆಲವು ಉಪಾಯಗಳನ್ನು ಹೇಳುತ್ತೇನೆ. ಹತ್ತನೇ ತರಗತಿಯ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ; ಎಂಟು, ಒಂಬತ್ತರವರಿಗೂ ಪಿಯುಸಿಯವರಿಗೂ ಹೆಚ್ಚಿನವು ಹಾಗೆಯೇ ಹೊಂದುತ್ತವೆ.

ಎಲ್ಲಿ ನಿಂತಿದೆ ಎಂದು ಮೊದಲು ನೋಡಿ

"ಮಿಸ್, ಬರೆದಿದ್ದೇನೆ, ನೋಟ್‌ಬುಕ್ ಮನೆಯಲ್ಲಿದೆ" ಎಂಬ ಮಾತು ಎಲ್ಲ ಶಾಲೆಗಳಲ್ಲೂ ದಿನಾ ಕೇಳಿಸುತ್ತದೆ. ಅದನ್ನು ಕೇಳಿದಾಗ ನಾನು ಏಕೆ ಬರೆಯಲಿಲ್ಲ ಎಂದು ಕೇಳುವುದಿಲ್ಲ. "ಎಲ್ಲಿ ನಿಂತಿತಮ್ಮ?" ಎಂದು ಕೇಳುತ್ತೇನೆ. ಏಕೆ ಎಂದರೆ ಮಗು ನೆಪ ಹುಡುಕುತ್ತದೆ, ಎಲ್ಲಿ ಎಂದರೆ ಪುಸ್ತಕ ತೆರೆದು ಬೆರಳಿಟ್ಟು ತೋರಿಸುತ್ತದೆ. ಈ ಪ್ರಶ್ನೆಯನ್ನು ನೀವೇ ನಿಮಗೆ ಕೇಳಿಕೊಳ್ಳಬಹುದು. ಉತ್ತರ ಸಾಮಾನ್ಯವಾಗಿ ಮೂರು ಬಗೆಯದು.

ಪಾಠವೇ ಅರ್ಥವಾಗಿಲ್ಲದಿರುವುದು ಮೊದಲನೆಯದು. ಅಂದು ನೀವು ರಜೆ ಹಾಕಿರಬಹುದು, ಇಲ್ಲವೇ ಹಿಂದಿನ ತರಗತಿಯ ವಿಷಯವೊಂದು ಅಡ್ಡ ಬಂದಿರಬಹುದು. ವರ್ಗ ಸಮೀಕರಣ ಬಿಡಿಸಲು ಕುಳಿತ ಹುಡುಗಿ ಅಪವರ್ತನದಲ್ಲಿ ಸಿಕ್ಕಿಕೊಳ್ಳುತ್ತಾಳೆ. ಋಣಸಂಖ್ಯೆಗಳನ್ನು ಕೂಡಿಸುವುದು ಏಳನೇ ತರಗತಿಯಲ್ಲೇ ಗಟ್ಟಿಯಾಗಬೇಕಿತ್ತು, ಆಗಿರುವುದಿಲ್ಲ. ಇದಕ್ಕೆ ಛಲ, ಶಿಸ್ತು ಯಾವುದೂ ಮದ್ದಾಗುವುದಿಲ್ಲ. ಯಾರಾದರೂ ಹತ್ತು ನಿಮಿಷ ಕುಳಿತು ಹೇಳಿಕೊಡಬೇಕು.

ಎರಡನೆಯದು, ಅರ್ಥವಾಗಿದೆ, ಆದರೆ ತಪ್ಪಾದರೆ ಎಂಬ ಹೆದರಿಕೆ. ಚೆನ್ನಾಗಿ ಓದುವ ಮಕ್ಕಳಲ್ಲಿಯೇ ಇದು ಹೆಚ್ಚು. ಅಕ್ಷರ ದುಂಡಗಿರಬೇಕು, ಚಿತ್ತು ಇರಬಾರದು, ಉತ್ತರ ಸರಿ ಬರಲೇಬೇಕು ಎಂದುಕೊಂಡು ಅವರು ಶುರುವನ್ನೇ ಮಾಡುವುದಿಲ್ಲ. ಇಂಥವರು ರಫ್ ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಶುರು ಮಾಡಬೇಕು. ನನ್ನ ತರಗತಿಯಲ್ಲಿ ಚಿತ್ತು ಹೊಡೆದ ಲೆಕ್ಕಕ್ಕೂ ನಾನು ಸಹಿ ಹಾಕುತ್ತೇನೆ. ಚಿತ್ತು ಎಂದರೆ ಅಲ್ಲಿ ಒಂದು ಮಗು ಕುಳಿತು ಯೋಚಿಸಿದೆ ಎಂದು ಅರ್ಥ.

ಮೂರನೆಯದು ಬರಿಯ ಬೇಸರ. ಗೊತ್ತಿರುವುದನ್ನೇ ಹತ್ತು ಸಲ ಬರೆಯುವುದು, ಪ್ರಶ್ನೋತ್ತರ ನಕಲು ಮಾಡುವುದು. ಇದರಲ್ಲಿ ಮಕ್ಕಳ ತಪ್ಪು ಕಡಿಮೆ, ಕೆಲಸ ಕೊಟ್ಟವರದು ಹೆಚ್ಚು. ಆದರೂ ಮುಗಿಸಲೇಬೇಕಾದ್ದರಿಂದ ಅದನ್ನು ಗೆಳೆಯರ ಜೊತೆ ಕುಳಿತು ಮುಗಿಸಿ. ಬೇಸರದ ಕೆಲಸಕ್ಕೆ ಜೊತೆ ಬೇಕು, ಕಷ್ಟದ ಕೆಲಸಕ್ಕೆ ಏಕಾಂತ ಬೇಕು. ಮಕ್ಕಳು ಇದನ್ನು ಸಾಮಾನ್ಯವಾಗಿ ತಿರುಗಿಸಿ ಮಾಡುತ್ತಾರೆ.

ಮೊದಲ ಸಾಲು ಶಾಲೆಯಲ್ಲೇ

ನಾನು ಹೇಳಬೇಕೆಂದಿರುವ ಮುಖ್ಯವಾದ ಉಪಾಯ ಇದು. ಉಳಿದೆಲ್ಲವನ್ನೂ ಮರೆತರೂ ಇದನ್ನು ಇಟ್ಟುಕೊಳ್ಳಿ.

ಹೋಂವರ್ಕ್ ಕೊಟ್ಟ ಜಾಗ ಬಿಟ್ಟು ಹೊರಡುವ ಮೊದಲು ಅದರ ಮೊದಲ ಸಾಲನ್ನು ಬರೆಯಿರಿ. ಲಾಂಗ್ ಬೆಲ್ ಹೊಡೆದ ಮೇಲೆ ಬ್ಯಾಗ್ ಹೆಗಲಿಗೇರಿಸುವ ಮುನ್ನ ಐದು ನಿಮಿಷ ಸಾಕು. ಕೊನೆಯ ಪೀರಿಯಡ್ ನನ್ನದಾದ ದಿನಗಳಲ್ಲಿ ಆ ಐದು ನಿಮಿಷವನ್ನು ನಾನೇ ಬಿಟ್ಟುಕೊಡುತ್ತೇನೆ. ಬೇರೆಯವರ ಪೀರಿಯಡ್ ಆದರೆ ಬಸ್ಸಿಗೆ ಕಾಯುವಾಗ ಅರಳಿಕಟ್ಟೆಯ ಮೇಲೆ ಬರೆಯಬಹುದು.

ಮೊದಲ ಸಾಲು ಎಂದರೆ ಏನು ಎಂಬುದನ್ನು ಬಿಡಿಸಿ ಹೇಳಬೇಕು. "2, 7, 12, ... ಈ ಸಮಾಂತರ ಶ್ರೇಢಿಯ ಮೊದಲ 20 ಪದಗಳ ಮೊತ್ತ ಕಂಡುಹಿಡಿಯಿರಿ" ಎಂಬ ಲೆಕ್ಕ ಕೊಟ್ಟಿದ್ದೇನೆ ಎಂದುಕೊಳ್ಳಿ. ಅಲ್ಲಿಯೇ ಕುಳಿತು "ಮೊದಲ ಪದ 2, ಸಾಮಾನ್ಯ ವ್ಯತ್ಯಾಸ 5, ಪದಗಳ ಸಂಖ್ಯೆ 20" ಎಂದು ಬರೆಯಿರಿ. ಅಷ್ಟೇ. ಸೂತ್ರ ಬೇಡ, ಉತ್ತರ ಬೇಡ. ಸಂಜೆ ನೀವು ಪುಸ್ತಕ ತೆರೆದಾಗ ಎದುರಿಗಿರುವುದು ಖಾಲಿ ಹಾಳೆಯಲ್ಲ, ಅರ್ಧಕ್ಕೆ ನಿಂತ ಲೆಕ್ಕ. ಮೊತ್ತದ ಸೂತ್ರದಲ್ಲಿ ಆ ಮೂರು ಸಂಖ್ಯೆಗಳನ್ನು ಇಟ್ಟರೆ 10ನ್ನು 99ರಿಂದ ಗುಣಿಸುವುದು ಉಳಿಯುತ್ತದೆ, 990 ಬರುತ್ತದೆ. ವೃತ್ತದ ಪ್ರಮೇಯವಾದರೆ ವೃತ್ತ ಎಳೆದು, ಹೊರಗೆ ಒಂದು ಬಿಂದು ಗುರುತಿಸಿ, ಎರಡು ಸ್ಪರ್ಶಕಗಳನ್ನು ಎಳೆದು ಬಿಡಿ. ನಕ್ಷೆಯ ಲೆಕ್ಕವಾದರೆ ಗ್ರಾಫ್ ಹಾಳೆಯಲ್ಲಿ ಎರಡು ಅಕ್ಷಗಳನ್ನು ಎಳೆದು ಅಳತೆ ಬರೆಯಿರಿ. ನಕ್ಷೆಯನ್ನು ಮಕ್ಕಳು ಎಲ್ಲಕ್ಕಿಂತ ಹೆಚ್ಚು ಮುಂದೂಡುವುದು ಮನೆಗೆ ಹೋದ ಮೇಲೆ ಗ್ರಾಫ್ ಹಾಳೆಯೋ ಸ್ಕೇಲೋ ಸಿಗುವುದಿಲ್ಲ ಎಂಬ ಕಾರಣಕ್ಕೆ. ಆ ತೊಡಕು ಶಾಲೆಯಲ್ಲಿಯೇ ಬಗೆಹರಿಯುತ್ತದೆ. ಪಕ್ಕದವರ ಸ್ಕೇಲು ಕೈಗೆಟುಕುವಲ್ಲಿ ಇರುತ್ತದೆ.

ವಿಜ್ಞಾನದಲ್ಲಿ ಚಿತ್ರದ ಹೊರರೇಖೆ ಎಳೆದರೆ ಸಾಕು, ಭಾಗಗಳನ್ನು ಮನೆಯಲ್ಲಿ ಗುರುತಿಸಬಹುದು. ಕನ್ನಡ ಪದ್ಯದ ಭಾವಾರ್ಥ ಬರೆಯಬೇಕಿದ್ದರೆ ಹಳಗನ್ನಡದ ಕಠಿಣ ಪದಗಳ ಅರ್ಥವನ್ನು ಅಲ್ಲಿಯೇ ಕೇಳಿ ಅಂಚಿನಲ್ಲಿ ಬರೆದುಕೊಳ್ಳಿ, ಏಕೆಂದರೆ ರಾತ್ರಿ ಮನೆಯಲ್ಲಿ ಅದನ್ನು ಹೇಳುವವರು ಸಿಗದಿರಬಹುದು. ನಮ್ಮ ಮಕ್ಕಳಿಗೆ ಇಂಗ್ಲಿಷಿನ ಅಳುಕು ಬೇರೆಲ್ಲದಕ್ಕಿಂತ ದೊಡ್ಡದು. ಪ್ರಶ್ನೆಯನ್ನು ಬರೆದುಕೊಂಡು, ಗೊತ್ತಿಲ್ಲದ ಪದಗಳ ಕೆಳಗೆ ಗೆರೆ ಎಳೆದು, ಅರ್ಥವನ್ನು ಮೇಷ್ಟ್ರನ್ನು ಕೇಳಿಕೊಂಡೇ ಹೊರಡಿ.

ಈ ಐದು ನಿಮಿಷದಿಂದ ಇನ್ನೊಂದು ಲಾಭವಿದೆ. ಮೊದಲ ಸಾಲು ಬರೆಯಲು ಹೋಗಿ ಬರಲಿಲ್ಲ ಎಂದರೆ ನಿಮಗೆ ಪಾಠ ಅರ್ಥವಾಗಿಲ್ಲ ಎಂಬುದು ನಾನಿನ್ನೂ ಶಾಲೆಯಲ್ಲಿ ಇರುವಾಗಲೇ ತಿಳಿಯುತ್ತದೆ. ಸ್ಟಾಫ್ ರೂಮಿನ ಬಾಗಿಲಿಗೆ ಬಂದು ಕೇಳಬಹುದು. ರಾತ್ರಿ ಒಂಬತ್ತಕ್ಕೆ ತಿಳಿದರೆ ಯಾರನ್ನು ಕೇಳುತ್ತೀರಿ?

ಇದೇ ಉಪಾಯವನ್ನು ರಾತ್ರಿ ಮಲಗುವಾಗಲೂ ಬಳಸಿ. ಓದು ನಿಲ್ಲಿಸುವಾಗ ಮುಗಿದ ಲೆಕ್ಕದ ಹತ್ತಿರ ನಿಲ್ಲಿಸಬೇಡಿ. ಮುಂದಿನ ಲೆಕ್ಕದ ದತ್ತಾಂಶ ಬರೆದು ಅಲ್ಲಿಗೆ ನಿಲ್ಲಿಸಿ. ಬೆಳಗ್ಗೆ ಕುಳಿತಾಗ ಕೈ ತಾನಾಗಿ ಮುಂದುವರಿಯುತ್ತದೆ.

ಬಣ್ಣದ ವೇಳಾಪಟ್ಟಿ ಬೇಡ

ಜೂನ್ ತಿಂಗಳಲ್ಲಿ ಒಂದು ಸಲ, ಅಕ್ಟೋಬರಿನಲ್ಲಿ ಒಂದು ಸಲ, ಜನವರಿಯಲ್ಲಿ ಮತ್ತೊಂದು ಸಲ ಮಕ್ಕಳು ವೇಳಾಪಟ್ಟಿ ಮಾಡುತ್ತಾರೆ. ಡ್ರಾಯಿಂಗ್ ಹಾಳೆ, ಸ್ಕೆಚ್ ಪೆನ್ನು, ನಾಲ್ಕು ಬದಿಗೂ ಹೂವಿನ ಅಂಚು. ನಾಲ್ಕೂವರೆಗೆ ಏಳುವುದು, ಐದರಿಂದ ಆರು ವಿಜ್ಞಾನ, ಆರರಿಂದ ಏಳು ಗಣಿತ. ಅದನ್ನು ಬರೆಯಲು ಒಂದು ಇಡೀ ಭಾನುವಾರ ಹೋಗುತ್ತದೆ. ಗೋಡೆಗೆ ಅಂಟಿಸಿದ ಮೇಲೆ ಓದಿದಷ್ಟೇ ಸಮಾಧಾನವಾಗುತ್ತದೆ. ನೋಟ್ಸಿಗೆ ಬಣ್ಣಬಣ್ಣದ ತಲೆಬರಹ ಬರೆಯುವುದು, ಚೆನ್ನಾಗಿರುವ ನೋಟ್‌ಬುಕ್ಕನ್ನು ಇನ್ನೂ ಚೆನ್ನಾಗಿ ಮತ್ತೊಂದಕ್ಕೆ ಇಳಿಸುವುದು, ಪೆನ್ನು ಪೆನ್ಸಿಲ್ ಜೋಡಿಸುವುದು ಇವೆಲ್ಲ ಮುಂದೂಡುವಿಕೆಯ ಬೇರೆ ಬೇರೆ ರೂಪಗಳು. ಶ್ರಮಪಡುವ ಮಕ್ಕಳೇ ಇದಕ್ಕೆ ಬೇಗ ಬಲಿಯಾಗುತ್ತಾರೆ ಎಂಬುದು ನನಗೆ ಬಹಳ ನೋವಿನ ಸಂಗತಿ.

ಗಡಿಯಾರದ ವೇಳಾಪಟ್ಟಿ ನಮ್ಮ ಮನೆಗಳಲ್ಲಿ ನಿಲ್ಲುವುದೂ ಇಲ್ಲ. ಹಸು ಕರು ಹಾಕುತ್ತದೆ, ಕರೆಂಟು ಹೋಗುತ್ತದೆ, ನೆಂಟರು ಬರುತ್ತಾರೆ. ಐದು ಗಂಟೆಯ ವಿಜ್ಞಾನ ತಪ್ಪಿದರೆ ಇಡೀ ದಿನ ಕೆಟ್ಟಿತು ಎಂದು ಮಕ್ಕಳು ಕೈಬಿಡುತ್ತಾರೆ. ಅದರ ಬದಲು ದಿನಾ ತಪ್ಪದೆ ನಡೆಯುವ ಒಂದು ಕೆಲಸಕ್ಕೆ ಓದನ್ನು ಕಟ್ಟಿ ಹಾಕಿ. "ಸಂಜೆ ಡೇರಿಯಿಂದ ಬಂದು ಕ್ಯಾನ್ ತೊಳೆದಿಟ್ಟ ಕೂಡಲೇ ನಡುಮನೆಯ ಕಂಬದ ಹತ್ತಿರ ಕುಳಿತು ಶ್ರೇಢಿಯ ಮೊದಲ ಲೆಕ್ಕ ಮುಗಿಸುತ್ತೇನೆ." ಇದರಲ್ಲಿ ಯಾವಾಗ, ಎಲ್ಲಿ, ಏನು ಮೂರೂ ಇವೆ. ಡೇರಿಯಲ್ಲಿ ತಡವಾದರೂ ಯೋಜನೆ ಮುರಿಯುವುದಿಲ್ಲ, ಏಕೆಂದರೆ ಕ್ಯಾನ್ ತೊಳೆಯುವುದಂತೂ ತಪ್ಪುವುದಿಲ್ಲ.

ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ ಮತ್ತು ಅವರ ಸಹೋದ್ಯೋಗಿ 1997ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನೇ ಹೇಳುತ್ತದೆ. ಕ್ರಿಸ್‌ಮಸ್ ರಜೆಯಲ್ಲಿ ಒಂದು ವರದಿ ಬರೆದು ಕಳುಹಿಸಬೇಕೆಂದು ವಿದ್ಯಾರ್ಥಿಗಳಿಗೆ ಹೇಳಲಾಯಿತು. ಅರ್ಧದಷ್ಟು ಜನರಿಗೆ ಮಾತ್ರ, ಅದನ್ನು ಯಾವಾಗ, ಎಲ್ಲಿ ಕುಳಿತು ಬರೆಯುತ್ತೀರಿ ಎಂದು ಮೊದಲೇ ತೀರ್ಮಾನಿಸಲು ಹೇಳಿದರು. ತೀರ್ಮಾನಿಸಿದವರಲ್ಲಿ ಸುಮಾರು ಮುಕ್ಕಾಲು ಪಾಲು ಹೊತ್ತಿಗೆ ಸರಿಯಾಗಿ ಬರೆದರು. ಉಳಿದವರಲ್ಲಿ ಬರೆದವರು ಮೂರನೇ ಒಂದು ಪಾಲಿನಷ್ಟು. ಆಸೆ ಎರಡೂ ಗುಂಪಿಗಿತ್ತು, ಜಾಗ ಮತ್ತು ಹೊತ್ತು ಒಂದು ಗುಂಪಿಗೆ ಮಾತ್ರ ನಿಗದಿಯಾಗಿತ್ತು.

25 ನಿಮಿಷ ಓದು, 5 ನಿಮಿಷ ಬಿಡುವು ಎಂಬ ಪೊಮೊಡೊರೊ ವಿಧಾನದ ಬಗ್ಗೆ ಮಕ್ಕಳು ಮೊಬೈಲಿನಲ್ಲಿ ನೋಡಿಕೊಂಡು ಬಂದು ಕೇಳುತ್ತಾರೆ. ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ಇಟಲಿಯ ವಿದ್ಯಾರ್ಥಿ 1980ರ ದಶಕದ ಕೊನೆಯಲ್ಲಿ ಟೊಮೆಟೊ ಆಕಾರದ ಅಡುಗೆಮನೆಯ ಟೈಮರ್ ಇಟ್ಟುಕೊಂಡು ರೂಪಿಸಿದ್ದು ಅದು. ಸ್ವಂತ ಕೋಣೆ ಇರುವ ಕಾಲೇಜು ವಿದ್ಯಾರ್ಥಿಗಳಿಗೆ ಒಳ್ಳೆಯದೇ. ಒಂದೇ ಕೋಣೆಯಲ್ಲಿ ಐದು ಜನ ಇರುವ ಮನೆಯಲ್ಲಿ, ಆಗಾಗ ನೀರು ತಾ, ಬಾಗಿಲು ತೆಗೆ ಎಂದು ಕರೆಯುವಲ್ಲಿ, ನಿಮಿಷದ ಲೆಕ್ಕಕ್ಕಿಂತ ಕೆಲಸದ ಲೆಕ್ಕ ಮೇಲು ಎಂದು ನನ್ನ ಅಭಿಪ್ರಾಯ. "ಎರಡು ಲೆಕ್ಕ ಮುಗಿಯುವ ತನಕ" ಎಂದು ಇಟ್ಟುಕೊಳ್ಳಿ. ಯಾರಾದರೂ ಕರೆದರೆ ಎದ್ದು ಹೋಗಿ, ಬಂದು ಅದೇ ಸಾಲಿನಿಂದ ಮುಂದುವರಿಸಿ.

"ಗಣಿತ ಓದುತ್ತೇನೆ" ಎಂದು ಮಾತ್ರ ಬರೆದುಕೊಳ್ಳಬೇಡಿ. ಆ ಕೆಲಸಕ್ಕೆ ತುದಿಯೇ ಇಲ್ಲ, ತುದಿ ಕಾಣದ ಕೆಲಸವನ್ನು ಯಾರೂ ಶುರು ಮಾಡುವುದಿಲ್ಲ. ಥೇಲ್ಸ್ ಪ್ರಮೇಯದ ಸಾಧನೆಯನ್ನು ಪುಸ್ತಕ ಮುಚ್ಚಿ ಒಂದು ಸಲ ಬರೆಯುತ್ತೇನೆ ಎಂದುಕೊಂಡರೆ, ಬರೆದಾದ ಮೇಲೆ ಹಾಳೆ ಕಣ್ಣೆದುರು ಇರುತ್ತದೆ.

ಫೋನು ಮತ್ತು ಜಾಗ

ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಸ್ವಂತ ಮೊಬೈಲ್ ಇಲ್ಲ. ಅಪ್ಪನ ಫೋನು ಸಂಜೆ ಮನೆಗೆ ಬರುತ್ತದೆ. ಅದು ಮತ್ತೆ ಸಿಗುತ್ತದೋ ಇಲ್ಲವೋ ಎಂದು ಮಕ್ಕಳು ಸಿಕ್ಕ ಅರ್ಧ ಗಂಟೆಯನ್ನು ಬಿಡುವುದಿಲ್ಲ. ಶಾಲೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೋಂವರ್ಕ್ ಹಾಕುವ ರೂಢಿಯಿಂದ ಈ ತೊಂದರೆ ಇನ್ನೂ ಹೆಚ್ಚಿದೆ. ಪ್ರಶ್ನೆ ನೋಡಲೆಂದು ತೆರೆದ ಫೋನು ವಿಡಿಯೊಗಳಿಗೆ ಜಾರುತ್ತದೆ. ಆದ್ದರಿಂದ ನಾನು ಎಲ್ಲವನ್ನೂ ಬೋರ್ಡಿನ ಮೇಲೆ ಬರೆದುಕೊಡುತ್ತೇನೆ. ನಿಮ್ಮ ಶಾಲೆಯಲ್ಲಿ ವಾಟ್ಸ್‌ಆ್ಯಪ್ಪಿನಲ್ಲಿಯೇ ಬರುವುದಾದರೆ, ಫೋನು ಕೈಗೆ ಬಂದ ಕೂಡಲೇ ಪ್ರಶ್ನೆಗಳನ್ನು ಹಾಳೆಗೆ ಇಳಿಸಿ, ಫೋನನ್ನು ಅಪ್ಪನ ಕೈಗೆ ಕೊಟ್ಟು, ಹಾಳೆಯೊಂದಿಗೆ ಕುಳಿತುಕೊಳ್ಳಿ. ಅರ್ಥವಾಗದ ಪಾಠದ ವಿಡಿಯೊ ನೋಡಬೇಕಿದ್ದರೆ ಲೆಕ್ಕ ಪ್ರಯತ್ನಿಸಿದ ಮೇಲೆ ನೋಡಿ. ಮೊದಲೇ ನೋಡಿದರೆ ಎಲ್ಲ ತಿಳಿದಂತೆ ಅನಿಸುತ್ತದೆ, ಪೆನ್ನು ಹಿಡಿದಾಗ ಏನೂ ಬರುವುದಿಲ್ಲ.

ಮೇಜು ಕುರ್ಚಿ ಬೇಕೇ ಬೇಕೆಂದಿಲ್ಲ. ಒಂದೇ ಜಾಗದಲ್ಲಿ ಕುಳಿತುಕೊಳ್ಳುವ ರೂಢಿ ಬೇಕು. ಧಾರಾವಾಹಿ ನಡೆಯುವ ಹೊತ್ತಿನಲ್ಲಿ ಟಿವಿಗೆ ಬೆನ್ನು ಹಾಕಿ ಕುಳಿತರೂ ಕಿವಿ ಅಲ್ಲಿಯೇ ಇರುತ್ತದೆ. ಆಗ ಚಿತ್ರ ಬರೆಯುವುದು, ಪ್ರಶ್ನೆ ಇಳಿಸುವುದು ಮುಂತಾದ ಹಗುರ ಕೆಲಸ ಇಟ್ಟುಕೊಳ್ಳಿ. ಸಂಜೆ ಶಾಲೆಯ ವಿಶೇಷ ತರಗತಿ ಇದ್ದರೆ ತಪ್ಪಿಸಬೇಡಿ, ಅಲ್ಲಿ ಕನಿಷ್ಠ ಬೆಳಕೂ ಬೆಂಚೂ ಇರುತ್ತವೆ.

ದಸರಾ ರಜೆ, ಪ್ರಾಜೆಕ್ಟು, ಆಂತರಿಕ ಅಂಕ

ದಸರಾ ರಜೆಯ ಹೋಂವರ್ಕ್ ಶಾಲೆ ತೆರೆಯುವ ಹಿಂದಿನ ರಾತ್ರಿಯೇ ಹುಟ್ಟುತ್ತದೆ. ಸರಸ್ವತಿ ಪೂಜೆಗೆ ಪುಸ್ತಕಗಳನ್ನು ಇಟ್ಟು ವಿಜಯದಶಮಿಯವರೆಗೆ ಮುಟ್ಟದ ಮನೆಗಳಿವೆ. ಆ ಸಂಪ್ರದಾಯ ನನಗೂ ಪ್ರಿಯವಾದದ್ದು, ನಮ್ಮ ಮನೆಯಲ್ಲೂ ಇಡುತ್ತೇವೆ. ಪೂಜೆಗೆ ಪಠ್ಯಪುಸ್ತಕಗಳನ್ನು ಇಡಿ, ಪ್ರಶ್ನೆಗಳನ್ನು ಬರೆದುಕೊಂಡ ರಫ್ ನೋಟ್‌ಬುಕ್ಕನ್ನು ಹೊರಗೆ ಉಳಿಸಿಕೊಳ್ಳಿ ಎಂದು ಮಕ್ಕಳಿಗೆ ಹೇಳುತ್ತೇನೆ. ದೊಡ್ಡವರನ್ನು ಕೇಳಿಯೇ ಹಾಗೆ ಮಾಡಿ, ಯಾರೂ ಬೇಡ ಎನ್ನಲಾರರು.

ಪ್ರಾಜೆಕ್ಟುಗಳ ವಿಷಯದಲ್ಲಿ ಮಕ್ಕಳು ಹಗುರವಾಗಿ ಇರುತ್ತಾರೆ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 25, ಉಳಿದ ವಿಷಯಗಳಿಗೆ ತಲಾ 20 ಅಂಕ ಶಾಲೆಯ ಆಂತರಿಕ ಮೌಲ್ಯಮಾಪನದಿಂದ ಬರುತ್ತವೆ. ವರ್ಷದುದ್ದಕ್ಕೂ ಹಂಚಿಹೋಗಿರುವ ಈ ಅಂಕಗಳನ್ನು ಕೊನೆಯ ವಾರದಲ್ಲಿ ಗಳಿಸಲಾಗುವುದಿಲ್ಲ. ಒಂದು ಪ್ರಾಜೆಕ್ಟಿಗೆ ಎಷ್ಟು ದಿನ ಬೇಕೆಂದು ನೀವು ಅಂದಾಜು ಮಾಡುತ್ತೀರೋ ಅದನ್ನು ಎರಡರಿಂದ ಗುಣಿಸಿ. ಇದು ಉತ್ಪ್ರೇಕ್ಷೆಯ ಮಾತಲ್ಲ. ಕೆನಡಾದಲ್ಲಿ 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮನಶ್ಶಾಸ್ತ್ರದ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಮುಗಿಸಲು ಸರಾಸರಿ 34 ದಿನ ಸಾಕು ಎಂದು ಅಂದಾಜು ಮಾಡಿದ್ದರು, ನಿಜವಾಗಿ ಹಿಡಿದದ್ದು ಸರಾಸರಿ 55 ದಿನಕ್ಕೂ ಹೆಚ್ಚು. ಎಲ್ಲ ಸರಿಯಾಗಿ ನಡೆದರೆ ಎಂಬ ಲೆಕ್ಕದಲ್ಲಿ ನಾವು ಅಂದಾಜು ಮಾಡುತ್ತೇವೆ. ಅಂಗಡಿಯಲ್ಲಿ ಚಾರ್ಟ್ ಹಾಳೆ ಮುಗಿದಿರುವುದು, ಜ್ವರ ಬರುವುದು, ಊರ ಜಾತ್ರೆ ಇವು ಯಾವುವೂ ನಮ್ಮ ಅಂದಾಜಿನಲ್ಲಿ ಸೇರಿರುವುದಿಲ್ಲ.

ಬಾಕಿ ಬೆಟ್ಟವಾಗಿದ್ದರೆ

ಇದನ್ನು ಓದುತ್ತಿರುವ ಕೆಲವರಿಗೆ ಈಗಾಗಲೇ ಆರು ಅಧ್ಯಾಯ ಬಾಕಿ ಇರಬಹುದು. ನಿಮಗೆ ಹೇಳಬೇಕಾದದ್ದು ಹೆಚ್ಚಿದೆ, ಸ್ವಲ್ಪ ಸಾವಧಾನದಿಂದ ಕೇಳಿ.

ಮೊದಲು, ಆದದ್ದಕ್ಕೆ ನಿಮ್ಮನ್ನು ನೀವು ಬೈದುಕೊಳ್ಳುವುದನ್ನು ನಿಲ್ಲಿಸಿ. ಮೇಲೆ ಹೇಳಿದ ಪಿಚಿಲ್ ಮತ್ತು ಅವರ ಜೊತೆಗಾರರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೊದಲ ಪರೀಕ್ಷೆಯ ಓದನ್ನು ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಯ ಓದನ್ನು ಕಡಿಮೆ ಮುಂದೂಡಿದ್ದು ಕಂಡುಬಂತು. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ನಾಚಿಕೆ ಹೆಚ್ಚಾದ ಮಗು ಪುಸ್ತಕದಿಂದ ಇನ್ನೂ ದೂರ ಸರಿಯುತ್ತದೆ, ಗಣಿತದ ಪೀರಿಯಡ್ ಇರುವ ದಿನ ಹೊಟ್ಟೆನೋವು ಎಂದು ಮನೆಯಲ್ಲಿ ಉಳಿಯುತ್ತದೆ. ತರಗತಿಯಲ್ಲಿ ನಿಲ್ಲಿಸಿ ಬೈಯುವ ನಮ್ಮ ಪದ್ಧತಿಯ ಬಗ್ಗೆ ಶಿಕ್ಷಕರು ಯೋಚಿಸಬೇಕಾದ ಮಾತು ಇದು.

ಅನಂತರ ಒಂದು ಹಾಳೆಯಲ್ಲಿ ಆ ವಿಷಯದ ಎಲ್ಲ ಅಧ್ಯಾಯಗಳ ಹೆಸರು ಬರೆಯಿರಿ. ಪ್ರತಿಯೊಂದರ ಮುಂದೆ ಬರುತ್ತದೆ, ಅರ್ಧ ಬರುತ್ತದೆ, ಬರುವುದಿಲ್ಲ ಎಂದು ಗುರುತು ಮಾಡಿ. ಬೆಟ್ಟದಂತೆ ಕಾಣುತ್ತಿದ್ದ ಬಾಕಿ ಆಗ ಎಣಿಸಬಹುದಾದ ಸಾಲುಗಳಾಗುತ್ತದೆ. ಹೆಚ್ಚಿನ ಮಕ್ಕಳು "ಬರುವುದಿಲ್ಲ" ಎಂಬಲ್ಲಿಂದ ಶುರು ಮಾಡಿ ಎರಡನೇ ದಿನವೇ ಸೋಲುತ್ತಾರೆ. ನೀವು "ಅರ್ಧ ಬರುತ್ತದೆ" ಎಂಬಲ್ಲಿಂದ ಶುರು ಮಾಡಿ. ಅರ್ಧ ಬರುವುದು ಪೂರ್ತಿಯಾಗಲು ಎರಡು ಸಂಜೆ ಸಾಕು, ಆ ಎರಡು ಸಂಜೆಗಳ ಧೈರ್ಯ ಮುಂದಿನದಕ್ಕೆ ಬೇಕು.

ಪರೀಕ್ಷೆ ಹತ್ತಿರವಿದ್ದರೆ ಪ್ರಶ್ನೆಪತ್ರಿಕೆಯ ರಚನೆಯನ್ನು ನೋಡಿ. ಈಚಿನ ವರ್ಷಗಳ ಮಾದರಿಯಲ್ಲಿ ಗಣಿತಕ್ಕೆ 38 ಪ್ರಶ್ನೆಗಳು, 80 ಅಂಕ, ಪ್ರಶ್ನೆಪತ್ರಿಕೆ ಓದಲು ಕೊಡುವ 15 ನಿಮಿಷ ಸೇರಿ ಮೂರೂಕಾಲು ಗಂಟೆ. ಒಂದು ಅಂಕದ್ದು 16, ಎರಡು ಅಂಕದ್ದು 8, ಮೂರು ಅಂಕದ್ದು 9, ನಾಲ್ಕು ಅಂಕದ್ದು 4, ಐದು ಅಂಕದ್ದು 1. ಕೂಡಿ ನೋಡಿ: ಎರಡು ಮತ್ತು ಮೂರು ಅಂಕದ ಪ್ರಶ್ನೆಗಳೇ 43 ಅಂಕ. ಬಾಕಿ ಇರುವ ಮಗು ಕೊನೆಯ ಐದು ಅಂಕದ ಕಠಿಣ ಲೆಕ್ಕವನ್ನು ನೆನೆದು ಪುಸ್ತಕ ಮುಟ್ಟುವುದಿಲ್ಲ, ಕೈಗೆಟುಕುವ 43 ಅಂಕ ಹಾಗೆಯೇ ಉಳಿಯುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳು, ಮಾದರಿ ಪ್ರಶ್ನೆಪತ್ರಿಕೆಗಳು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಸಿಗುತ್ತವೆ. ಮೂರು ಪತ್ರಿಕೆ ಪಕ್ಕಪಕ್ಕ ಇಟ್ಟು ನೋಡಿದರೆ ಮತ್ತೆ ಮತ್ತೆ ಬರುವ ಬಗೆಯ ಲೆಕ್ಕಗಳು ನಿಮಗೇ ಕಾಣುತ್ತವೆ. ಸಂಖ್ಯಾಶಾಸ್ತ್ರದ ಸರಾಸರಿ, ಮಧ್ಯಾಂಕ, ಬಹುಲಕಗಳಂಥವು ಹೀಗೆ ಬೇಗ ಕೈಗೆ ಹತ್ತುವಂಥವು. ಪಾಸಿಂಗ್ ಪ್ಯಾಕೇಜ್ ಎಂದು ಶಾಲೆಗಳಲ್ಲಿ ಕೊಡುವ ಕಿರುಹೊತ್ತಿಗೆಯ ಬಗ್ಗೆ ಕೆಲವರಿಗೆ ತಾತ್ಸಾರವಿದೆ, ನನಗಿಲ್ಲ. ಬಾಕಿಯಲ್ಲಿ ಮುಳುಗಿದ ಮಗುವಿಗೆ ಹಿಡಿಯಲು ಮೊದಲ ಕೊಂಬೆ ಬೇಕಲ್ಲವೇ?

ಬೆಳಗ್ಗೆ ಪ್ರಾರ್ಥನೆಗೆ ಮೊದಲು ಗೆಳತಿಯ ನೋಟ್‌ಬುಕ್ ನೋಡಿ ಬರೆಯುವುದು ಬಾಕಿಯನ್ನು ಹೆಚ್ಚಿಸುತ್ತದೆ. ನೋಟ್‌ಬುಕ್ಕಿನಲ್ಲಿ ಲೆಕ್ಕ ಇರುವುದರಿಂದ ನಿಮಗೆ ಅದು ಬರುವುದಿಲ್ಲ ಎಂಬುದು ನನಗೂ ಕಾಣುವುದಿಲ್ಲ. ಐದರಲ್ಲಿ ಒಂದು ಲೆಕ್ಕ ಸ್ವಂತವಾಗಿ ಬರೆದು, ಉಳಿದ ನಾಲ್ಕರ ಜಾಗ ಖಾಲಿ ಬಿಟ್ಟು ತನ್ನಿ. ಆ ಖಾಲಿ ಜಾಗ ನೋಡಿ ನಾನು ಎಲ್ಲಿಂದ ಹೇಳಿಕೊಡಬೇಕೆಂದು ತಿಳಿದುಕೊಳ್ಳುತ್ತೇನೆ. ನಿಮ್ಮ ಶಿಕ್ಷಕರ ಹತ್ತಿರ ಹೋಗುವಾಗಲೂ "ಗಣಿತ ಬರುವುದಿಲ್ಲ ಸರ್" ಎಂದು ಹೇಳಬೇಡಿ. ಅದಕ್ಕೆ ಯಾರಿಂದಲೂ ಉತ್ತರ ಕೊಡಲಾಗದು. "ಸಮೀಕರಣದಲ್ಲಿ ಸಂಖ್ಯೆಯನ್ನು ಆ ಕಡೆಗೆ ಒಯ್ದಾಗ ಚಿಹ್ನೆ ಬದಲಾಗುವುದು ಏಕೆಂದು ತಿಳಿಯಲಿಲ್ಲ" ಎಂದು ಹೇಳಿ. ಎಷ್ಟೇ ಸಿಡುಕಿನ ಶಿಕ್ಷಕರಾದರೂ ಇಂಥ ಪ್ರಶ್ನೆಗೆ ಕುರ್ಚಿ ಎಳೆದುಕೊಂಡು ಕುಳಿತು ಹೇಳುತ್ತಾರೆ.

ಇನ್ನೊಂದು ಮಾತು. 2023–24ನೇ ಸಾಲಿನಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ವ್ಯವಸ್ಥೆ ಬಂತು. ಪರೀಕ್ಷೆ-1ರಲ್ಲಿ ಸೋತ ಮಗುವಿಗೆ ಅದೇ ವರ್ಷ ಮತ್ತೆ ಅವಕಾಶ ಸಿಗುವುದು ದೊಡ್ಡ ಆಸರೆ, ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ "ಪರೀಕ್ಷೆ-2ರಲ್ಲಿ ನೋಡಿಕೊಳ್ಳೋಣ" ಎಂದು ಡಿಸೆಂಬರಿನಲ್ಲಿಯೇ ಹೇಳುವ ಮಕ್ಕಳು ಹೆಚ್ಚುತ್ತಿದ್ದಾರೆ. ಎರಡು ಪರೀಕ್ಷೆಗಳ ನಡುವೆ ಸಿಗುವುದು ಕೆಲವೇ ವಾರ, ಅದೂ ಬೇಸಿಗೆಯ ಬಿಸಿಲಿನಲ್ಲಿ, ನಿತ್ಯದ ತರಗತಿಗಳಿಲ್ಲದ ಹೊತ್ತಿನಲ್ಲಿ. ಒಂದು ವರ್ಷದ ಬಾಕಿ ಅಲ್ಲಿ ತೀರುವುದಿಲ್ಲ.

ತಂದೆ ತಾಯಿಯರಿಗೆ

"ಓದಿದೆಯಾ?" ಎಂದು ಕೇಳಿದರೆ ಮಗು "ಹೂಂ" ಎನ್ನುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. "ಎಲ್ಲಿಯವರೆಗೆ ಬಂತು, ತೋರಿಸು" ಎಂದು ಕೇಳಿ. ನಿಮಗೆ ಓದಲು ಬಾರದಿದ್ದರೂ ತೊಂದರೆಯಿಲ್ಲ, ಇವತ್ತಿನ ಹಾಳೆ ಎಷ್ಟು ತುಂಬಿದೆ ಎಂದು ನೋಡಲು ಅಕ್ಷರ ಬೇಕಿಲ್ಲ. ಪಕ್ಕದ ಮನೆಯ ಮಗುವಿನ ಅಂಕದ ಸುದ್ದಿ ತೆಗೆಯಬೇಡಿ. ನಮ್ಮ ಕೆಲವು ಸಹೋದ್ಯೋಗಿಗಳು ಪರೀಕ್ಷೆಯ ದಿನಗಳಲ್ಲಿ ಬೆಳಗ್ಗೆ ಐದಕ್ಕೆ ಮನೆಗೆ ಫೋನ್ ಮಾಡಿ ಮಕ್ಕಳನ್ನು ಎಬ್ಬಿಸುತ್ತಾರೆ. ಆಗ ಫೋನ್ ಎತ್ತಿ "ಎದ್ದಿದ್ದಾನೆ" ಎಂದು ಹೇಳಿ ಮಗನನ್ನು ಮತ್ತೆ ಮಲಗಲು ಬಿಡಬೇಡಿ. ಹಾಗೆಂದು ರಾತ್ರಿ ಹನ್ನೆರಡಕ್ಕೆ ಮಲಗಿದ ಮಗುವನ್ನು ಐದಕ್ಕೆ ಎಬ್ಬಿಸುವುದೂ ಬೇಡ, ನಿದ್ದೆಗೆಟ್ಟ ತಲೆಗೆ ಲೆಕ್ಕ ಹತ್ತುವುದಿಲ್ಲ.

ಮಕ್ಕಳು ಮನೆಗೆಲಸ ಮಾಡಬಾರದು ಎಂದು ನಾನು ಹೇಳುವುದಿಲ್ಲ. ನಮ್ಮ ಕಡೆ ಅದು ಆಗುವ ಮಾತೂ ಅಲ್ಲ. ಆದರೆ ಕೆಲಸ ಯಾವ ಹೊತ್ತಿಗೆ ಎಂದು ಮೊದಲೇ ಹೇಳಿ. ಲೆಕ್ಕದ ನಡುವೆ ಕೂಗಿ ಕರೆಯುವುದಕ್ಕಿಂತ ಕುಳಿತುಕೊಳ್ಳುವ ಮೊದಲೇ ಎಲ್ಲ ಮಾಡಿಸಿಕೊಳ್ಳಿ. ಡೇರಿಗೆ ಎರಡು ಹೊತ್ತೂ ಹಾಲು ಒಯ್ಯುವುದು ಹತ್ತನೇ ತರಗತಿಯ ಮಗನ ಪಾಲಿಗೇ ಇದ್ದರೆ, ಫೆಬ್ರವರಿಯಿಂದ ಪರೀಕ್ಷೆ ಮುಗಿಯುವ ತನಕ ಬೆಳಗಿನ ಸರದಿಯನ್ನು ಮನೆಯ ಬೇರೆ ಯಾರಾದರೂ ವಹಿಸಿಕೊಳ್ಳಿ. ಮಗಳಾದರೆ ಬೆಳಗಿನ ಪಾತ್ರೆ, ಅಂಗಳಗಳಿಗೂ ಇದೇ ಮಾತು ಅನ್ವಯಿಸುತ್ತದೆ.